ಗಿರಣಿ ನಿಂತ ದಿನದ ದೃಶ್ಯ

ಒಂದೇ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಚಿತ್ರಕಥೆಯನ್ನೂ ಹಿಂದಿನ ಪುಟಗಳಲ್ಲಿ ಖರ್ಚಿನ ಲೆಕ್ಕವನ್ನೂ ಬರೆಯುವ ಅಭ್ಯಾಸ ನನಗೆ ಮೊದಲ ಕಿರುಚಿತ್ರದ ಕಾಲದಲ್ಲೇ ಅಂಟಿಕೊಂಡಿತ್ತು. ಬರೆಯುವವಳೂ ನಾನೇ, ನಿರ್ದೇಶಿಸುವವಳೂ ನಾನೇ, ಕ್ಯಾಮೆರಾ ಬಾಡಿಗೆ ಕಟ್ಟುವವಳೂ ನಾನೇ ಆಗಿದ್ದರಿಂದ ಎಲ್ಲವೂ ಒಂದೇ ಕಡೆ ಇದ್ದರೆ ಅನುಕೂಲವೆಂದು ಭಾವಿಸಿದ್ದೆ. ಹಿಂದಿನ ಪುಟಗಳು ಮುಂದಿನ ಪುಟಗಳನ್ನು ಸದ್ದಿಲ್ಲದೆ ತಿದ್ದುತ್ತಿವೆ ಎಂಬುದು ಅರಿವಿಗೆ ಬರಲು ಎರಡು ಚಿತ್ರಗಳು ಬೇಕಾದವು.

ಮೊದಲ ಚಿತ್ರದಲ್ಲಿ, ಊರು ಬಿಟ್ಟು ಹೊರಟ ತಂಗಿಯೊಂದಿಗೆ ಬಸ್ ನಿಲ್ದಾಣದವರೆಗೆ ಬಂದ ಅಣ್ಣ, ಹೇಳಬೇಕಾದ್ದನ್ನು ಹೇಳಲಾಗದೆ, ಒಂದು ಪೊಟ್ಟಣ ಕಡಲೆಕಾಯಿ ಕೊಡಿಸಿ ಸುಮ್ಮನೆ ನಿಲ್ಲುವ ದೃಶ್ಯವಿತ್ತು. ನಿಲ್ದಾಣದಲ್ಲಿ ಚಿತ್ರೀಕರಿಸಲು ಬೇಕಾಗುವ ಅನುಮತಿ, ಅದರ ಶುಲ್ಕ, ಜನಜಂಗುಳಿ, ಕ್ಯಾಮೆರಾದತ್ತ ತಿರುಗುವ ನೂರು ಮುಖಗಳು, ಇವೆಲ್ಲ ಕಣ್ಮುಂದೆ ಬಂದ ಕೂಡಲೇ ಆ ದೃಶ್ಯವನ್ನು ಬರೆದು ಮುಗಿಸುವ ಮೊದಲೇ ಅದನ್ನೊಂದು ಫೋನ್ ಕರೆಯಾಗಿ ಬದಲಿಸಿಬಿಟ್ಟೆ. ಹಣವೇನೋ ಉಳಿಯಿತು. ಆದರೆ ಫೋನಿನಲ್ಲಿ ಇಬ್ಬರು ಮಾತನಾಡದೆ ಇರಲು ಬರುವುದಿಲ್ಲ. ಮಾತೇ ಹೊರಡದ ಅಣ್ಣನ ಬಾಯಿಗೆ ನಾನು ಮಾತು ತುಂಬಬೇಕಾಯಿತು. ಆ ಮಾತುಗಳು ಎಷ್ಟೇ ಚೆನ್ನಾಗಿದ್ದರೂ ಅವನು ನಾನು ಮೊದಲು ಕಂಡ ಅಣ್ಣನಾಗಿ ಉಳಿಯಲಿಲ್ಲ. ಅಂಥ ದೃಶ್ಯವನ್ನು ಊರಾಚೆಯ ತಂಗುದಾಣವೊಂದರಲ್ಲಿ, ದಾರಿಯಲ್ಲಿ ಹೋಗುವ ಒಂದೇ ಬಸ್ಸನ್ನು ಕಾದು ಚಿತ್ರೀಕರಿಸಬಹುದಿತ್ತು ಎಂದು ಹೊಳೆದದ್ದು ಚಿತ್ರ ಮುಗಿದು ವರ್ಷ ಕಳೆದ ಮೇಲೆ. ದೃಶ್ಯವನ್ನು ಪೂರ್ತಿ ಬರೆದಿದ್ದರೆ ಅದರಲ್ಲಿ ಬಿಡಲಾಗದ್ದು ಮೌನ, ಬಿಡಬಹುದಾದದ್ದು ನಿಲ್ದಾಣ ಎಂಬುದು ಆಗಲೇ ತಿಳಿಯುತ್ತಿತ್ತು.

ಈಗ ಎರಡು ನೋಟ್‌ಬುಕ್ಕುಗಳಿವೆ. ಹೊಟ್ಟೆಪಾಡಿಗೆ ಮದುವೆ ವಿಡಿಯೊಗಳ ಸಂಕಲನ ಮಾಡುವ ನನಗೆ ಮುಹೂರ್ತದ ತಿಂಗಳುಗಳಲ್ಲಿ ಹಗಲೆಂಬುದೇ ಇರುವುದಿಲ್ಲವಾದ್ದರಿಂದ, ಬೆಳಗಿನ ಐದೂವರೆಯಿಂದ ಏಳೂವರೆಯವರೆಗಿನ ಎರಡು ಗಂಟೆಗಳನ್ನು ಚಿತ್ರಕಥೆಗೆ ಮೀಸಲಿಟ್ಟಿದ್ದೇನೆ. ಆ ಹೊತ್ತಿನಲ್ಲಿ ಲೆಕ್ಕದ ಪುಸ್ತಕವನ್ನು ತೆರೆಯುವುದಿಲ್ಲ, ಫೋನು ಇನ್ನೊಂದು ಕೋಣೆಯಲ್ಲಿರುತ್ತದೆ. ಮೊದಲ ಕರಡು ಮುಗಿಯುವವರೆಗೆ ಯಾವ ದೃಶ್ಯಕ್ಕೂ ಬೆಲೆ ಕಟ್ಟುವುದಿಲ್ಲ. ಎರಡನೆಯ ಓದಿನಲ್ಲಿ ಮಾತ್ರ ಕೆಂಪು ಪೆನ್ನು ಹಿಡಿದು, ಎಷ್ಟು ಸ್ಥಳ, ಎಷ್ಟು ನಟರು, ಎಷ್ಟು ರಾತ್ರಿ ಎಂದು ಅಂಚಿನಲ್ಲಿ ಗುರುತು ಹಾಕುತ್ತೇನೆ. ನನ್ನಂಥವರಿಗೆ ರಾತ್ರಿಯ ದೃಶ್ಯವೇ ಎಲ್ಲಕ್ಕಿಂತ ಭಾರ: ದೀಪ, ಜನರೇಟರ್, ಮರುದಿನದ ಆಯಾಸ, ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ಚಿತ್ರಗಳಿಗಾಗಿಯೇ ಇರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ಎಸ್. ನಾಯಕ್ ಅವರ ಕನ್ನಡ ಕಿರುಚಿತ್ರವನ್ನು ಈ ಕಾರಣಕ್ಕಾಗಿಯೇ ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ದು ಊರಿಗೆ ಬೆಳಗೇ ಆಗದಂತಾಗುವ ಜನಪದ ಕಥೆ ಅದು. 16 ನಿಮಿಷದ ಚಿತ್ರ, ನಾಲ್ಕು ದಿನಗಳ ಚಿತ್ರೀಕರಣ. ಬೆಳಗಾಗದ ಕಥೆಯನ್ನು ಕತ್ತಲಲ್ಲೇ ಹೇಳಬೇಕು. ಲೆಕ್ಕದ ಪುಸ್ತಕವನ್ನು ಮೊದಲು ತೆರೆದವರಿಗೆ ಅಂಥ ಕಥೆಯನ್ನು ಆರಿಸಿಕೊಳ್ಳುವ ಧೈರ್ಯವೇ ಬರುವುದಿಲ್ಲ ಎಂದು ನನಗನ್ನಿಸುತ್ತದೆ.

ನನ್ನ ಮೂರನೆಯ ಚಿತ್ರ ಹಿಟ್ಟಿನ ಗಿರಣಿಯ ಕಥೆ. ಗಿರಣಿ ನಡೆಸುವ ಅಪ್ಪ, ಅದನ್ನು ಮಾರಿ ತನ್ನೊಡನೆ ಬಂದು ಇರಿ ಎಂದು ಹೇಳಲು ಬೆಂಗಳೂರಿನಿಂದ ಬಂದ ಮಗಳು. ಮೊದಲ ಕರಡಿನಲ್ಲಿ ಅವರಿಬ್ಬರ ಮುಖ್ಯ ಮಾತುಕತೆ ಓಡುತ್ತಿರುವ ಗಿರಣಿಯ ಮುಂದೆ ನಡೆಯುತ್ತಿತ್ತು. ಮೈಸೂರಿನಿಂದ ಸ್ವಲ್ಪ ದೂರದ ಊರೊಂದರಲ್ಲಿ ಅಂಥ ಗಿರಣಿ ಸಿಕ್ಕಿತು. ಅದರ ಮಾಲೀಕರು, ಎಪ್ಪತ್ತರ ಆಸುಪಾಸಿನ ಹಿರಿಯರು, ಒಪ್ಪಿಗೆಯನ್ನೂ ಕೊಟ್ಟರು. ಆದರೆ ಮೋಟರು ಚಾಲೂ ಆದರೆ ಎದುರಿಗೆ ನಿಂತವರ ಮಾತೇ ಕೇಳಿಸದು. ಅದನ್ನು ಡಬ್ಬಿಂಗ್ ಮಾಡೋಣವೆಂದರೆ, ಸ್ಥಳದಲ್ಲೇ ಧ್ವನಿಗ್ರಹಣ ಆಗಬೇಕೆಂಬುದು ನನ್ನ ಹಟ. ಮೋಟರು ನಿಲ್ಲಿಸಿ, ಹಿಂದಿನಿಂದ ಗಿರಣಿಯ ಸದ್ದು ಸೇರಿಸೋಣವೆಂದರೆ, ಸದ್ದಿನ ನಡುವೆ ಮಾತನಾಡುವವರ ಕುತ್ತಿಗೆಯ ನರ ಉಬ್ಬುವ ರೀತಿಯೇ ಬೇರೆ, ನೋಡುಗರು ಅದನ್ನು ಕಂಡುಹಿಡಿದೇ ಹಿಡಿಯುತ್ತಾರೆ. ಜೊತೆಗೆ ಗಿರಣಿ ಒಂದು ದಿನ ನಿಂತರೆ ಅವರ ಆ ದಿನದ ಸಂಪಾದನೆಯನ್ನು ನಾನು ತುಂಬಿಕೊಡಬೇಕು, ರಾಗಿಯ ಡಬ್ಬ ಹೊತ್ತು ಬಂದವರು ಹಿಂದಿರುಗಬೇಕು. ಆ ರಾತ್ರಿ ದೃಶ್ಯವನ್ನು ಮನೆಯ ಅಡುಗೆಕೋಣೆಗೆ ಸಾಗಿಸಲು ಕೈ ತವಕಿಸಿತು. ಬಸ್ ನಿಲ್ದಾಣ ನೆನಪಾಗಿ ತಡೆದೆ.

ಬದಲಿಗೆ ನಾಲ್ಕು ಭಾನುವಾರ ಆ ಗಿರಣಿಯಲ್ಲಿ ಹೋಗಿ ಕುಳಿತೆ. ಲೊಕೇಶನ್ ನೋಡಲು ಹೋದಾಗ ನಾವು ಸಾಮಾನ್ಯವಾಗಿ ಕಿಟಕಿ ಎಲ್ಲಿದೆ, ಪ್ಲಗ್ಗು ಎಲ್ಲಿದೆ, ಟ್ರೈಪಾಡ್ ಎಲ್ಲಿ ನಿಲ್ಲುತ್ತದೆ ಎಂದಷ್ಟೇ ನೋಡಿ ಬಂದುಬಿಡುತ್ತೇವೆ. ಸುಮ್ಮನೆ ಕುಳಿತಾಗ ಕಂಡದ್ದೇ ಬೇರೆ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಆ ಹಿರಿಯರು ಆಗಾಗ ಅಂಗೈಯಿಂದ ಎರಡು ಬಾರಿ ತಟ್ಟುತ್ತಿದ್ದರು. ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಣ್ಣಿನಿಂದ ನೋಡದೆಯೇ ಕಲ್ಲನ್ನು ಬಿಗಿ ಮಾಡುತ್ತಿದ್ದರು. ಅವರ ರೆಪ್ಪೆಗಳ ಮೇಲೂ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು. ಮೂರನೆಯ ಭಾನುವಾರ ನನ್ನ ಕಷ್ಟವನ್ನು ಅವರ ಮುಂದೆ ಹೇಳಿಕೊಂಡೆ. ಅವರು ಸಲೀಸಾಗಿ, “ಕಲ್ಲು ಕುಟ್ಟೋ ದಿನ ಬನ್ನಿ ಕಣಮ್ಮ, ಅವತ್ತು ಮೋಟ್ರು ಹಾಕಲ್ಲ” ಎಂದರು. ಬೀಸಿ ಬೀಸಿ ನುಣುಪಾದ ಕಲ್ಲನ್ನು ಕೆಲವು ವಾರಗಳಿಗೊಮ್ಮೆ ಬಿಚ್ಚಿ, ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಬೇಕಂತೆ. ಇಲ್ಲದಿದ್ದರೆ ಕಾಳು ಅರೆಯದೆ ಬಿಸಿಯಾಗಿ ಹಿಟ್ಟಿನ ರುಚಿ ಕೆಡುತ್ತದೆಯಂತೆ. ಆ ದಿನ ಗಿರಾಕಿಗಳು ಬರುವುದಿಲ್ಲ, ಯಾರ ಸಂಪಾದನೆಯೂ ತಪ್ಪುವುದಿಲ್ಲ.

ಮರುದಿನ ಬೆಳಿಗ್ಗೆ ಆ ದೃಶ್ಯವನ್ನು ಮೊದಲಿನಿಂದ ಬರೆದೆ. ಅಪ್ಪ ನೆಲದ ಮೇಲೆ ಕುಳಿತು ಕಲ್ಲು ಕುಟ್ಟುತ್ತಾನೆ. ಮಗಳು ಮಾರಾಟದ ಮಾತೆತ್ತುತ್ತಾಳೆ. ಉತ್ತರ ಕೊಡಬೇಕಾದ ಕಡೆಯಲ್ಲೆಲ್ಲ ಅವನು ಉಳಿಯ ಮೇಲೆ ಒಂದು ಪೆಟ್ಟು ಹಾಕುತ್ತಾನೆ. ಎರಡೂವರೆ ಪುಟದ ಸಂಭಾಷಣೆ ಮುಕ್ಕಾಲು ಪುಟಕ್ಕೆ ಇಳಿಯಿತು. ಮಾರಲು ಒಪ್ಪುವವನು ಇನ್ನು ಆರು ವಾರ ಬಾಳಲೆಂದು ಕಲ್ಲು ಕುಟ್ಟುತ್ತಾ ಕೂರುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇಲ್ಲಿ ಪುಟದ ಲೆಕ್ಕದ ಬಗ್ಗೆ ಒಂದು ಮಾತು. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಒಂದು ನಿಮಿಷ ಎಂಬ ಸೂತ್ರ ಇಂಗ್ಲಿಷಿನ ಕೊರಿಯರ್ ಎಂಬ ಟೈಪ್‌ರೈಟರ್ ಮಾದರಿಯ ಅಕ್ಷರ, 12ರ ಗಾತ್ರ, ಅದಕ್ಕೇ ಗೊತ್ತುಮಾಡಿದ ಅಂಚುಗಳಿಂದ ಹುಟ್ಟಿದ್ದು. ಒತ್ತಕ್ಷರಗಳಿಗಾಗಿ ಸಾಲುಗಳ ನಡುವೆ ಹೆಚ್ಚು ಜಾಗ ಬೇಡುವ ನಮ್ಮ ಲಿಪಿಗೆ ಅದು ಹೊಂದುವುದಿಲ್ಲ. “ಅಪ್ಪ ಕಲ್ಲು ಕುಟ್ಟುತ್ತಾನೆ” ಎಂಬ ನನ್ನ ಒಂದು ಸಾಲು ಚಿತ್ರದಲ್ಲಿ ಪೂರ್ತಿ ಒಂದೂವರೆ ನಿಮಿಷ ತೆಗೆದುಕೊಂಡಿದೆ. ಆದ್ದರಿಂದ ಪ್ರತಿ ದೃಶ್ಯವನ್ನೂ ಗಟ್ಟಿಯಾಗಿ ಓದಿ, ಕೈಯಲ್ಲಿ ಅಭಿನಯಿಸಿ, ಸ್ಟಾಪ್‌ವಾಚಿನಲ್ಲಿ ಅಳೆಯುತ್ತೇನೆ. ಇದು ಬರಹಗಾರ್ತಿಗೂ ನಿರ್ಮಾಪಕಿಗೂ ಸಮಾನವಾಗಿ ಬೇಕಾದ ಕೆಲಸ. ಆಸ್ಕರ್ ನಿಯಮದಲ್ಲಿ ಕಿರುಚಿತ್ರ 40 ನಿಮಿಷದವರೆಗೂ ಇರಬಹುದು; ಕಾನ್‌ನ ಕಿರುಚಿತ್ರ ಸ್ಪರ್ಧೆಗೆ ಹೆಸರುಗಳ ಪಟ್ಟಿಯೂ ಸೇರಿ 15 ನಿಮಿಷ ಮೀರುವಂತಿಲ್ಲ. ಎಲ್ಲಿಗೆ ಕಳುಹಿಸಬೇಕೆಂಬುದನ್ನು ಸಂಕಲನದ ಮೇಜಿನ ಮುಂದೆ ಯೋಚಿಸಿದರೆ ತಡವಾಗಿರುತ್ತದೆ.

ಕೆಂಪು ಪೆನ್ನಿಗೆ ಕೆಲವು ಸಲ ತಿಳಿವಳಿಕೆಯೇ ಉತ್ತರ ಕೊಡುತ್ತದೆ. ಗಿರಣಿಯ ಹಳೆಯ ಟ್ಯೂಬ್‌ಲೈಟು ಕ್ಯಾಮೆರಾದಲ್ಲಿ ಮಿನುಗುತ್ತದೆಂದು ಹೆದರಿ ದೀಪಗಳನ್ನು ಬಾಡಿಗೆಗೆ ತರುವ ಯೋಚನೆಯಲ್ಲಿದ್ದೆ. ಛಾಯಾಗ್ರಾಹಕ ಗೆಳೆಯ ಬೇಡವೆಂದ. ಸೆಕೆಂಡಿಗೆ 24 ಫ್ರೇಮುಗಳಲ್ಲಿ ರೂಢಿಯ 180 ಡಿಗ್ರಿ ಶಟರ್ ಎಂದರೆ ಪ್ರತಿ ಫ್ರೇಮಿನ ಮೇಲೂ 1/48 ಸೆಕೆಂಡು ಬೆಳಕು ಬೀಳುತ್ತದೆ, ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಆ ದೀಪದ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ, ಶಟರನ್ನು 172.8 ಡಿಗ್ರಿಗೆ, ಅಂದರೆ 1/50 ಸೆಕೆಂಡಿಗೆ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಕ್ಕು ಮಿನುಗು ಕಾಣುವುದಿಲ್ಲ. ನಾನು ಬರೆದ ಟ್ಯೂಬ್‌ಲೈಟು ಹಾಗೆಯೇ ಉಳಿಯಿತು, ಅದರ ಸುತ್ತಲಿನ ಹಿಟ್ಟಿನ ಬಲೆಯೂ ಉಳಿಯಿತು.

ಚಿತ್ರೀಕರಣದ ಎರಡನೆಯ ದಿನ ಮಾತ್ರ ನನ್ನಿಂದ ದೊಡ್ಡ ತಪ್ಪಾಯಿತು. ಊಟ ತರಬೇಕಾದ ವಾಹನ ದಾರಿಯಲ್ಲಿ ಕೆಟ್ಟು ನಿಂತಿತ್ತು. ಮಗಳ ಪಾತ್ರದ ನಟಿ ಬಹಳ ಹೊತ್ತು ತಯಾರಾಗಿ ಅಭಿನಯಿಸುತ್ತಿದ್ದಾಗ, ನಾನು ಮಾನಿಟರಿನ ಮುಂದೆ ಕುಳಿತೂ ಹತ್ತಿರದ ಹೋಟೆಲಿಗೆ ಒಂಬತ್ತು ಊಟ ಬೇಕೆಂದು ಸಂದೇಶ ಬರೆಯುತ್ತಿದ್ದೆ. ಟೇಕ್ ಮುಗಿದಾಗ ಅವರು ನನ್ನತ್ತ ನೋಡಿದರು; ನಾನು ಓಕೆ ಎಂದೆ. “ನೀವಿಲ್ಲದೆ ನಾನಿರಲಾರೆ” ಎಂಬ ಅರ್ಥ ಬರಬೇಕಾದ ಸಾಲು “ನೀವಿಲ್ಲಿ ಇರಲಾರಿರಿ” ಎಂಬ ಧ್ವನಿಯಲ್ಲಿ ಬಂದಿತ್ತೆಂಬುದು ಸಂಕಲನದಲ್ಲಿ ತಿಳಿಯಿತು. ಆ ಸಾಲನ್ನು ತೆಗೆದು ಅವರ ಮೌನದ ಮುಖವನ್ನಷ್ಟೇ ಇಟ್ಟುಕೊಂಡೆವು. ದೃಶ್ಯ ಉಳಿಯಿತು, ಆದರೆ ಕಲಾವಿದೆಯೊಬ್ಬರು ಅಷ್ಟು ಶ್ರದ್ಧೆಯಿಂದ ಕೊಟ್ಟದ್ದನ್ನು ನೋಡದೆ ಒಪ್ಪಿಕೊಂಡೆನೆಂಬ ನೋವು ಇನ್ನೂ ಹೋಗಿಲ್ಲ. ಮರುದಿನವೇ ಗೆಳತಿಯೊಬ್ಬಳ ಕೈಗೆ ದಿನದ ಖರ್ಚಿನ ಹಣದ ಲಕೋಟೆಯನ್ನೂ ನನ್ನ ಫೋನನ್ನೂ ಕೊಟ್ಟೆ. ಪ್ಯಾಕಪ್ ಹೇಳುವವರೆಗೆ ಅವೆರಡೂ ನನಗೆ ಮರಳಬಾರದೆಂದು ಇಬ್ಬರೂ ಮಾತು ಮಾಡಿಕೊಂಡೆವು.

ಇನ್ನು ಸಬ್‌ಟೈಟಲ್. ಅದನ್ನು ಯಾರಿಗಾದರೂ ವಹಿಸಿ ಮುಗಿಸುವ ತಾಂತ್ರಿಕ ಕೆಲಸವೆಂದು ತಿಳಿದಿದ್ದೆ. ಈಗ ಅದು ಚಿತ್ರಕಥೆಯ ಕೊನೆಯ ಕರಡು ಎಂದೇ ನಂಬುತ್ತೇನೆ. ನನ್ನ ಚಿತ್ರದ ಅಪ್ಪ ಮಗಳನ್ನು ಇಡೀ ಚಿತ್ರದಲ್ಲಿ “ಕಣಮ್ಮ” ಎನ್ನುತ್ತಾನೆ, ಒಂದೇ ಒಂದು ಕಡೆ ಹೆಸರು ಹಿಡಿದು ಕರೆಯುತ್ತಾನೆ. ಆ ಬದಲಾವಣೆ ಕನ್ನಡ ಬಾರದವರಿಗೂ ತಾಗಬೇಕಾದರೆ ಉಳಿದೆಲ್ಲ ಕಡೆ ಇಂಗ್ಲಿಷಿನಲ್ಲಿ ಏನು ಬರೆಯಬೇಕೆಂದು ಮೂರು ಬೆಳಗು ಯೋಚಿಸಿದ್ದೇನೆ. ಮಗುವಿನ ಹೆಸರಿಡುವಷ್ಟೇ ಗೊಂದಲ ಅದರಲ್ಲಿದೆ.

ಸಬ್‌ಟೈಟಲಿನ ನಡುವೆಯೇ ನಾಲ್ಕನೆಯದರ ಮೊದಲ ಕರಡು ಆರಂಭವಾಗಿದೆ. ಅದರ ಏಳನೆಯ ದೃಶ್ಯ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ನಡೆಯುತ್ತದೆ: ಐದು ತೇರುಗಳು, ರಥಬೀದಿ ತುಂಬ ಜನ, ಹಗ್ಗ ಹಿಡಿದವರ ನಡುವೆ ಕೈತಪ್ಪಿಹೋದ ತಾಯಿಯನ್ನು ಹುಡುಕುವ ಒಬ್ಬ ಹುಡುಗ. ದೊಡ್ಡ ತೇರು ಹೊರಡುವುದು ವರ್ಷಕ್ಕೊಮ್ಮೆ, ಎರಡನೆಯ ಟೇಕ್ ಇಲ್ಲ. ಲೆಕ್ಕದ ಪುಸ್ತಕ ಕಪಾಟಿನಲ್ಲಿದೆ. ಇಂದು ಬೆಳಿಗ್ಗೆ ಹುಡುಗ ತೇರಿನ ಚಕ್ರದ ಪಕ್ಕದವರೆಗೆ ಬಂದಿದ್ದಾನೆ. ತಾಯಿಯ ಸೀರೆಯ ಬಣ್ಣ ಯಾವುದೆಂದು ನಾಳೆ ಬರೆಯಬೇಕು.