ಕಿತ್ತೆಸೆದ ಉಣ್ಣೆಯ ಒಡಲಲ್ಲಿ

ಯಲಹಂಕದ ನಮ್ಮ ಬೀದಿಯಲ್ಲಿ ನಾಯಿ ಸಾಕಿದವರೆಲ್ಲರೂ ಮಾಡುವ ಕೆಲಸವೊಂದಿದೆ. ನಾಯಿಯ ಕಿವಿಯೊಳಗೋ ಕಾಲ್ಬೆರಳ ಸಂದಿಯಲ್ಲೋ ಹರಳುಬೀಜದಷ್ಟು ದಪ್ಪಗೆ ಊದಿಕೊಂಡ ಉಣ್ಣೆ ಕಂಡರೆ, ಅದನ್ನು ಕಿತ್ತು ಕಾಂಪೌಂಡಿನಾಚೆ ಎಸೆಯುತ್ತಾರೆ. "ರಕ್ತ ಕುಡಿದು ಕೊಬ್ಬಿತ್ತು ಕಣಮ್ಮ, ಎಸೆದುಬಿಟ್ಟೆ, ಇನ್ನೇನು ಮಾಡೀತು" ಎಂದು ಕೆಳಮನೆಯ ಅಜ್ಜಿ ಹೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆಗೆ ಆಮೇಲೆ ಬೇಕಾಗಿರುವುದು ನಾಯಿಯ ಮೈಯಲ್ಲ, ಗೋಡೆಯ ಬಿರುಕು ಅಥವಾ ಕಲ್ಲಿನ ಸಂದಿ; ನಾವು ಎಸೆದು ಅದನ್ನು ಅಲ್ಲಿಗೇ ತಲುಪಿಸುತ್ತಿದ್ದೇವೆ.

ಪರೋಪಜೀವಿಗಳನ್ನು ಅಭ್ಯಸಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನಾನು ಕಳೆದ ಕೆಲವು ತಿಂಗಳು ಈ ಕಂದು ನಾಯಿ ಉಣ್ಣೆಯ, ಅಂದರೆ ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್‌ನ, ಹೆಣ್ಣಿನ ಜನನಾಂಗಗಳನ್ನೇ ಸೂಕ್ಷ್ಮದರ್ಶಕದಡಿ ನೋಡುತ್ತ ಬಂದಿದ್ದೇನೆ. ಮೇಣದ ತಟ್ಟೆಯಲ್ಲಿ ಉಣ್ಣೆಯನ್ನು ಕೂರಿಸಿ, ಉಪ್ಪುದ್ರಾವಣ ಹೊಯ್ದು, ಬೆನ್ನಿನ ಚರ್ಮವನ್ನು ಅಂಚಿನುದ್ದಕ್ಕೂ ಕತ್ತರಿಸಿ ಮುಚ್ಚಳದಂತೆ ಎತ್ತಿದರೆ, ಮೊದಲು ಕಾಣುವುದು ರಕ್ತ ತುಂಬಿ ಕಪ್ಪಾದ ಕರುಳಿನ ಕವಲುಗಳು. ಅವುಗಳನ್ನು ಚಿಮಟದಿಂದ ಒಂದೊಂದಾಗಿ ಸರಿಸಿದ ಮೇಲೆ, ಬೆಳ್ಳಿಯ ಎಳೆಗಳಂತೆ ಹೊಳೆಯುವ ಉಸಿರುನಾಳಗಳ ನಡುವೆ, ಕುದುರೆಲಾಳದ ಆಕಾರದಲ್ಲಿ ಬಾಗಿದ ಒಂದೇ ಒಂದು ಅಂಡಾಶಯ ಸಿಗುತ್ತದೆ. ಅದರ ಎರಡು ತುದಿಗಳಿಂದ ಎರಡು ಅಂಡನಾಳಗಳು ಮುಂದಕ್ಕೆ ಸಾಗಿ ಗರ್ಭಕೋಶದಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಯೋನಿ, ಮತ್ತು ಹೊಟ್ಟೆಯ ಬದಿಯಲ್ಲಿ, ಕಾಲುಗಳ ಬುಡಗಳ ನಡುವೆ ತೆರೆಯುವ ಜನನರಂಧ್ರ.

ಹಸಿದ ಉಣ್ಣೆಯಲ್ಲಿ ಈ ಅಂಡಾಶಯ ಕಣ್ಣಿಗೆ ಬೀಳದಷ್ಟು ಸಪೂರವಾದ ಎಳೆ. ಹೊಟ್ಟೆ ತುಂಬಿದ ಕೆಲವು ದಿನಗಳ ಬಳಿಕ ಅದೇ ಎಳೆ, ಮೊಗ್ಗುಗಳೆಲ್ಲ ಹೊರಮುಖವಾಗಿರುವ ಮಲ್ಲಿಗೆ ದಂಡೆಯಂತೆ ಕಾಣುತ್ತದೆ. ಈ ಹೋಲಿಕೆ ಬರಿಯ ಅಲಂಕಾರವಲ್ಲ. ಬೆಳೆಯುತ್ತಿರುವ ಅಂಡಕೋಶಗಳು, ಅಂದರೆ ಮುಂದೆ ಮೊಟ್ಟೆಗಳಾಗುವ ಕೋಶಗಳು, ಅಂಡಾಶಯದ ಟೊಳ್ಳಿನೊಳಗೆ ಇರದೆ, ಒಂದೊಂದೂ ತನ್ನದೇ ಪುಟ್ಟ ತೊಟ್ಟಿನಿಂದ ಗೋಡೆಗೆ ಅಂಟಿಕೊಂಡು ಹೊರಗೆ, ದೇಹವನ್ನೆಲ್ಲ ತುಂಬಿರುವ ಹಿಮೋಲಿಂಫ್ ಎಂಬ ದ್ರವದಲ್ಲಿ ತೂಗಾಡುತ್ತಿರುತ್ತವೆ. ಅನೇಕ ಕೀಟಗಳಲ್ಲಿ ಅಂಡಕೋಶಕ್ಕೆ ಆಹಾರ ಒದಗಿಸುವ ಪೋಷಕ ಕೋಶಗಳೂ ಸುತ್ತುವರಿಯುವ ಪುಟಕ ಕೋಶಗಳೂ ಇರುತ್ತವೆ. ಉಣ್ಣೆಯಲ್ಲಿ ಅವೆರಡೂ ಇಲ್ಲ. ತೊಟ್ಟಿನ ಕೋಶಗಳೇ ಅದನ್ನು ಹಿಡಿದಿಡುತ್ತವೆ, ಆಹಾರದ ಬಹುಪಾಲು ಸುತ್ತಲಿನ ದ್ರವದಿಂದಲೇ ನೇರವಾಗಿ ಬರುತ್ತದೆ.

ಸೂಕ್ಷ್ಮದರ್ಶಕದಡಿ ನೋಡಲು ಕೊಯ್ದ ತೆಳು ಪದರಗಳು, ಅಂದರೆ ನನ್ನ ಮೊದಲ ಛೇದಗಳೆಲ್ಲ ಹಾಳಾದವು. ಇಡೀ ಉಣ್ಣೆಯನ್ನೇ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ತೆಳು ಪದರ ಕೊಯ್ಯುವ ಮೈಕ್ರೋಟೋಮ್ ಯಂತ್ರದಲ್ಲಿ ಕೊಯ್ದಾಗ, ಗಡಸು ಹೊರಕವಚ ಅಲಗಿಗೆ ಸಿಕ್ಕಿ, ಮೃದುವಾದ ಅಂಡಾಶಯವನ್ನು ಜೊತೆಗೆಳೆದುಕೊಂಡು ಹರಿಯಿತು. ಅಂಡಾಶಯವನ್ನಷ್ಟೇ ಬಿಡಿಸಿ ತೆಗೆದು, 5 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದ ಸ್ಲೈಡನ್ನು ಮೊದಲ ಬಾರಿಗೆ ನೋಡಿದ ಸಂಜೆ ನಾನು ಮನೆಗೆ ಹೊರಡುವುದನ್ನೇ ಮರೆತಿದ್ದೆ. ಒಂದೇ ಛೇದದಲ್ಲಿ ಅಂಡಕೋಶಗಳ ಎಲ್ಲ ವಯಸ್ಸೂ ಅಕ್ಕಪಕ್ಕದಲ್ಲಿ ಕುಳಿತಿತ್ತು. ಚಿಕ್ಕವುಗಳಲ್ಲಿ ಕೋಶರಸ ನಯವಾಗಿ ಒಂದೇ ಸಮನಾಗಿದೆ, ನಡುವೆ ದೊಡ್ಡ ಕೋಶಕೇಂದ್ರ ಸ್ಪಷ್ಟವಾಗಿದೆ. ಸ್ವಲ್ಪ ಬೆಳೆದವುಗಳಲ್ಲಿ ಕೋಶಕೇಂದ್ರ ತೊಟ್ಟಿನ ಕಡೆಗೆ ಸರಿದು, ಅಂಚಿನಲ್ಲಿ ಯೋಕ್, ಅಂದರೆ ಭ್ರೂಣಕ್ಕೆ ಆಹಾರವಾಗುವ ಸಂಗ್ರಹದ, ಕಣಗಳು ಮೂಡತೊಡಗಿವೆ. ಪೂರ್ತಿ ಬಲಿತವುಗಳಲ್ಲಿ ಇಯೋಸಿನ್ನಿನ ಗುಲಾಬಿ ಹಿಡಿದ ದಪ್ಪ ಕಣಗಳು ಒತ್ತೊತ್ತಾಗಿ ತುಂಬಿ ಕೋಶಕೇಂದ್ರವೇ ಮರೆಯಾಗಿದೆ, ಸುತ್ತ ಕೋರಿಯಾನ್ ಎಂಬ ದಪ್ಪ ಪೊರೆ ಕಟ್ಟಿದೆ. ತಜ್ಞರು ಈ ಬೆಳವಣಿಗೆಯನ್ನು ಸಾಮಾನ್ಯವಾಗಿ 5 ಹಂತಗಳಾಗಿ ಗುರುತಿಸುತ್ತಾರೆ. ಎಲ್ಲವೂ ಒಟ್ಟಿಗೆ ಬಲಿಯದೆ ಸರದಿಯಲ್ಲಿ ಬಲಿಯುವುದರಿಂದಲೇ ಉಣ್ಣೆ ಸಾವಿರಾರು ಮೊಟ್ಟೆಗಳನ್ನು ದಿನಗಟ್ಟಲೆ ಒಂದೊಂದಾಗಿ ಇಡಬಲ್ಲದು. ಬಲಿತ ಅಂಡ ತನ್ನ ತೊಟ್ಟಿನ ಮೂಲಕವೇ ನುಸುಳಿ ಅಂಡಾಶಯದ ಟೊಳ್ಳಿಗೆ ಇಳಿಯುತ್ತದೆ; ಹೊರಗೆ ಬೆಳೆದದ್ದು ಹೊರಡುವ ಹೊತ್ತಿಗಷ್ಟೇ ಒಳಗೆ ಬರುತ್ತದೆ.

ಆ ಯೋಕ್ ಬರುವುದೆಲ್ಲಿಂದ ಎಂಬುದರಲ್ಲಿಯೇ ಅಜ್ಜಿಯ ಮಾತಿಗೆ ಉತ್ತರವಿದೆ. ಹೊಟ್ಟೆ ತುಂಬಿದ ಉಣ್ಣೆ ಹಸಿದಿದ್ದಾಗಿನ ತೂಕಕ್ಕಿಂತ ಸುಮಾರು 100 ಪಟ್ಟು ಭಾರವಾಗಿರಬಹುದು. ನಾಯಿಯ ಮೈಬಿಟ್ಟ ಮೇಲೆ ಕರುಳು ಆ ರಕ್ತವನ್ನು ನಿಧಾನವಾಗಿ ಜೀರ್ಣಿಸುತ್ತದೆ, ಕೊಬ್ಬಿನ ಅಂಗಾಂಶ ಮತ್ತು ಕರುಳಿನ ಕೋಶಗಳು ವೈಟೆಲ್ಲೊಜೆನಿನ್ ಎಂಬ ಪ್ರೋಟೀನನ್ನು ತಯಾರಿಸಿ ಹಿಮೋಲಿಂಫಿಗೆ ಬಿಡುತ್ತವೆ, ಅಂಡಕೋಶಗಳು ಅದನ್ನು ಹೀರಿ ಯೋಕ್ ಆಗಿ ಕೂಡಿಡುತ್ತವೆ. ಹೀಮ್ ಎಂಬ, ಕಬ್ಬಿಣವನ್ನು ಒಳಗೊಂಡ ಅಣುವನ್ನು ಉಣ್ಣೆ ತಾನೇ ತಯಾರಿಸಿಕೊಳ್ಳಲಾರದು. ನಾಯಿಯ ರಕ್ತದಿಂದ ಪಡೆದ ಹೀಮ್ ಈ ಪ್ರೋಟೀನಿಗೆ ಅಂಟಿಕೊಂಡು ಮೊಟ್ಟೆಯನ್ನು ಸೇರುತ್ತದೆ. ಹೀಗೆ ಮೊಟ್ಟೆಗಳ ತಯಾರಿಯ ಬಹುಪಾಲು ನಡೆಯುವುದು ನಾಯಿಯ ಮೈಮೇಲಲ್ಲ, ಅದನ್ನು ಎಸೆದ ಜಾಗದಲ್ಲಿ. ಗಂಡಿನ ಹಂಗೂ ಆಗ ಇರುವುದಿಲ್ಲ: ನಾಯಿಯ ಮೇಲಿದ್ದಾಗಲೇ ಗಂಡು ತನ್ನ ಬಾಯಿಯ ಭಾಗಗಳಿಂದ ದಾಟಿಸಿದ ವೀರ್ಯದ ಚೀಲ, ಹೆಣ್ಣಿನ ಯೋನಿಗೆ ಹೊಂದಿಕೊಂಡ, ವೀರ್ಯವನ್ನು ಕೂಡಿಡುವ ಅಂಗವನ್ನು ಸೇರಿರುತ್ತದೆ. ಮಲೆನಾಡಿಗರು ಉಣುಗು ಎನ್ನುವ, ಮಂಗನ ಕಾಯಿಲೆ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಜಾತಿಯಲ್ಲೂ ಅಂಗರಚನೆಯ ಈ ನಕಾಶೆಯೇ ಇದೆ.

ನನ್ನನ್ನು ಅತಿ ಹೆಚ್ಚು ಹಿಡಿದಿಟ್ಟ ಅಂಗ ಮಾತ್ರ ಅಂಡಾಶಯದಿಂದ ದೂರ, ತಲೆಯ ಹಿಂದೆ ಇದೆ. ಇಟಲಿಯ ನಿಸರ್ಗಶಾಸ್ತ್ರಜ್ಞ ಜೆನೆಯ ಹೆಸರಿನಲ್ಲಿ ಅದನ್ನು ಜೆನೆಯ ಅಂಗ ಎನ್ನುತ್ತಾರೆ. ಗಾಜಿನ ನಳಿಕೆಯಲ್ಲಿಟ್ಟಿದ್ದ ಉಣ್ಣೆ ಆರನೆಯ ದಿನ ಮೊಟ್ಟೆಯಿಡಲು ತೊಡಗಿದಾಗ ಅದನ್ನು ಕಣ್ಣಾರೆ ಕಂಡೆ. ತಲೆ ಕೆಳಕ್ಕೆ ಬಾಗಿತು. ಬಾಯಿಯ ಭಾಗ ಮತ್ತು ಬೆನ್ನಿನ ಫಲಕದ ನಡುವಿನ ಸಂದಿಯಿಂದ ತೇವದಿಂದ ಹೊಳೆಯುವ ಪಾರದರ್ಶಕ ಬಲೂನೊಂದು, ಕೊಂಬಿನಂಥ ತುದಿಗಳೊಡನೆ, ಉಬ್ಬಿ ಹೊರಬಂತು. ಯೋನಿಯೂ ಕೊಳವೆಯಂತೆ ಹೊರಕ್ಕೆ ಚಾಚಿ ಮೊಟ್ಟೆಯನ್ನು ಆ ಕೊಂಬುಗಳಿಗೆ ಒಪ್ಪಿಸಿತು. ಅವು ಮೊಟ್ಟೆಯನ್ನು ಹಿಡಿದು ಮೇಣ ಸವರಿ ಬಿಟ್ಟವು. ಲೀಸ್ ಮತ್ತು ಬೀಮೆಂಟ್ ಎಂಬ ವಿಜ್ಞಾನಿಗಳು 1948ರಲ್ಲಿ ವಿವರಿಸಿದಂತೆ ಈ ಮೇಣವೇ ಮೊಟ್ಟೆಯ ನೀರನ್ನು ಕಾಯುತ್ತದೆ. ಅಂಗ ಹೊರಬರದಂತೆ ತಡೆದರೆ ಮೊಟ್ಟೆಗಳು ಒಣಗಿ ಸುಕ್ಕುಗಟ್ಟುತ್ತವೆ. ಮೊಟ್ಟೆಗಳು ಒಂದರ ಹಿಂದೊಂದು ತಲೆಯ ಮೇಲಕ್ಕೆ ತಳ್ಳಲ್ಪಟ್ಟು, ಕೆಲವೇ ದಿನಗಳಲ್ಲಿ ಉಣ್ಣೆಯ ಮುಂಭಾಗವೆಲ್ಲ ಆ ಕಂದು ರಾಶಿಯಡಿ ಹುದುಗಿಹೋಯಿತು.

ಆ ನಳಿಕೆಯನ್ನು ಕೆಳಮನೆಗೆ ಕೊಂಡೊಯ್ದು ಅಜ್ಜಿಯ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮರುದಿನದಿಂದ ಅವರ ಜಗಲಿಯ ಮೇಲೆ, ನಾಯಿಯ ಬಾಚಣಿಗೆಯ ಪಕ್ಕದಲ್ಲಿ, ಬಿರಡೆ ಹಾಕಿದ ಸ್ಪಿರಿಟ್ ಶೀಶೆಯೊಂದು ಕುಳಿತಿದೆ. ಕಿತ್ತ ಉಣ್ಣೆಗಳು ಈಗ ಅದರೊಳಕ್ಕೆ ಹೋಗುತ್ತಿವೆ.