ನಕ್ಷೆಯ ಬಾಣಗಳಲ್ಲಿ ಕಾಣದ ಜನ

ಮಾನವ ಭೂಗೋಳದಲ್ಲಿ ಎಂಎ ಮಾಡುತ್ತಿದ್ದೇನೆ ಅಂದ ಕೂಡಲೇ ಜನ ನದಿ, ಬೆಟ್ಟಗಳ ಬಗ್ಗೆ ಕೇಳುತ್ತಾರೆ. ನಾನು ಓದುತ್ತಿರುವುದು ಮನುಷ್ಯರು ಯಾಕೆ ಊರು ಬಿಡುತ್ತಾರೆ ಅನ್ನೋದನ್ನು.

ಈ ವಾರ ವಲಸೆಯ ನಕ್ಷೆ ಬಿಡಿಸಬೇಕಿತ್ತು. ದೇಶದಿಂದ ದೇಶಕ್ಕೆ ಬಾಣ. ಜನ ಜಾಸ್ತಿಯಿದ್ದರೆ ದಪ್ಪ, ಕಡಿಮೆಯಿದ್ದರೆ ತೆಳು. ಪೆನ್ಸಿಲ್ಲಿನಲ್ಲಿ ಎಳೆದು ಕೆಂಪು ಬಣ್ಣ ತುಂಬಿದೆ. ಮುಗಿಸಿ ನೋಡಿದರೆ ಇಡೀ ಜಗತ್ತೇ ಗಂಟುಮೂಟೆ ಕಟ್ಟಿ ಹೊರಟ ಹಾಗಿತ್ತು. ಆದರೆ ವಿಶ್ವಸಂಸ್ಥೆಯ ಅಂದಾಜಿನಲ್ಲಿ 2020ರಲ್ಲಿ ಹೊರದೇಶದಲ್ಲಿದ್ದ ವಲಸಿಗರು ಸುಮಾರು 28 ಕೋಟಿ. ನೂರಕ್ಕೆ ನಾಲ್ಕು ಜನವೂ ಇಲ್ಲ! ಪಕ್ಕದ ಪಟ್ಟಣಕ್ಕೆ ದುಡಿಯಲು ಹೋದವರಿಗೆ ನನ್ನ ನಕ್ಷೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

ಭೂಗೋಳತಜ್ಞ ರೇವನ್‌ಸ್ಟೈನ್ 1885ರಲ್ಲೇ ಇದನ್ನು ಹೇಳಿದ್ದರು. ಬ್ರಿಟನ್ನಿನ ಜನಗಣತಿ ಲೆಕ್ಕ ಮುಂದಿಟ್ಟುಕೊಂಡು, ವಲಸೆ ಹೋಗುವವರಲ್ಲಿ ಹೆಚ್ಚಿನವರು ಹತ್ತಿರಕ್ಕೇ ಹೋಗುತ್ತಾರೆ, ಹತ್ತಿರದ ವಲಸೆಯಲ್ಲಿ ಹೆಂಗಸರೇ ಜಾಸ್ತಿ ಎಂದು ತೋರಿಸಿದ್ದರು. ಆ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದೆ. ವಲಸೆ ಅಂದರೆ ನಮಗೆ ಮೊದಲು ವಿಮಾನ ಹತ್ತುವ ಗಂಡಸೇ ನೆನಪಾಗುತ್ತಾನೆ, ಅಲ್ವಾ?

ಬ್ರಿಟನ್ನಿನ ಭೂಗೋಳತಜ್ಞೆ ಡೋರೀನ್ ಮ್ಯಾಸಿ ಇನ್ನೊಂದು ಪ್ರಶ್ನೆ ಎತ್ತಿದರು: ಈ ಓಡಾಟ ಯಾರ ಹಿಡಿತದಲ್ಲಿದೆ? ಒಬ್ಬರು ಸಭೆಗೆಂದು ಸುಮ್ನೆ ಗಡಿ ದಾಟುತ್ತಾರೆ. ಇನ್ನೊಬ್ಬರು ಅದೇ ಗಡಿಯಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ನನ್ನ ಬಾಣದಲ್ಲಿ ಇಬ್ಬರೂ ಒಂದೇ ಕೆಂಪು. ಇದು ನನಗೆ ನಿಜಕ್ಕೂ ನೋವು ಕೊಟ್ಟಿತು.

ಹಾಗಾಗಿ ಟ್ರೇಸಿಂಗ್ ಹಾಳೆ ಹಾಸಿ ಮತ್ತೆ ಶುರು ಮಾಡಿದ್ದೇನೆ. ಈ ಸಲ ಮೊದಲು ಸಣ್ಣ ದೂರದ ಗೆರೆಗಳು. ಆಮೇಲೆ, ದುಡಿದವರು ಮನೆಗೆ ಕಳಿಸುವ ಹಣದ ಬಾಣಗಳು, ಉಲ್ಟಾ ದಿಕ್ಕಿಗೆ.