ಒಂದೇ ಮೇಲ್‌ನಲ್ಲಿ ಮೂರು ‘ಅಪ್ರಿಶಿಯೇಟ್’

ಜಪಾನಿನ ಐಚಿ ಪ್ರಾಂತ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಎಂಜಿನಿಯರುಗಳಿಗೆ ಇಂಗ್ಲಿಷ್ ಮೇಲ್ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಕಳೆದ ಚಳಿಗಾಲ ಅಲ್ಲಿಂದ ಇಂಗ್ಲೆಂಡಿನ ಸಪ್ಲಯರಿಗೆ ಹೋದ ಒಂದು ಮೇಲನ್ನು ತಿದ್ದಿದ್ದು ನಾನೇ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಮೂರು ಕೋರಿಕೆ, ಮೂರಕ್ಕೂ ಒಂದೇ ಅಚ್ಚು. ಮೂರನೆಯದು ಹೀಗಿತ್ತು: ‘ಐ ವುಡ್ ಅಪ್ರಿಶಿಯೇಟ್ ಇಟ್ ಇಫ್ ಯೂ ವುಡ್ ಚೆಕ್ ದ ಡ್ರಾಯಿಂಗ್ ಬಿಫೋರ್ ಸೆಂಡಿಂಗ್ ಇಟ್.’ ಸಿಸಿಯಲ್ಲಿ ಬುಚೋ, ಅಂದರೆ ವಿಭಾಗದ ಮುಖ್ಯಸ್ಥರು, ಇದ್ದರು.

ಮರುದಿನ ಸಂಜೆ 5ಕ್ಕೆ ಕಾಲ್, ಇಂಗ್ಲೆಂಡಿನಲ್ಲಿ ಬೆಳಿಗ್ಗೆ 8. ಸಪ್ಲಯರ್ ಕಡೆಯಿಂದ ಇಬ್ಬರು ಬರಬೇಕಾದಲ್ಲಿ ಐದು ಜನ ಕೂತಿದ್ದರು. ನಮಸ್ಕಾರವಾದ ಮೇಲೆ ಯಾರೂ ಮಾತಾಡಲಿಲ್ಲ. ಆಮೇಲೆ ಅವರ ಕ್ವಾಲಿಟಿ ಮ್ಯಾನೇಜರ್ ಸ್ಕ್ರೀನ್ ಶೇರ್ ಮಾಡಿದರು: ಅರ್ಧ ತುಂಬಿದ 8ಡಿ ಫಾರ್ಮ್, ಅಂದರೆ ತಪ್ಪಾದಾಗ ಅದರ ಕಾರಣ ಮತ್ತು ಪರಿಹಾರ ಬರೆದುಕೊಡುವ ವರದಿ. ‘ಯಾವ ಡ್ರಾಯಿಂಗಿನಲ್ಲಿ ತಪ್ಪಿತ್ತು?’ ಎಂದು ಅವರು. ‘ತಪ್ಪೇನೂ ಇಲ್ಲ’ ಎಂದು ನಮ್ಮ ತಂತೋಶಾ, ಆ ಕೆಲಸದ ಹೊಣೆ ಹೊತ್ತ ಎಂಜಿನಿಯರ್. ‘ಹಾಗಾದರೆ ಈ ಮೇಲ್ ಯಾಕೆ?’ ತಂತೋಶಾ ನನ್ನ ಮುಖ ನೋಡಿದರು. ಅವರಿಗೆ ಬೇಕಿದ್ದದ್ದು ರೆವ್ ಬಿ (ಡ್ರಾಯಿಂಗಿನ ‘ಬಿ’ ಪರಿಷ್ಕರಣೆ) ಬಗ್ಗೆ ಒಂದು ಸಣ್ಣ ಕಾಕುನಿನ್, ಅಂದರೆ ಖಾತ್ರಿ, ಅಷ್ಟೇ. ಆ ಆರೇಳು ನಿಮಿಷ ಎರಡೂ ಕಡೆಯವರು ಕ್ಷಮೆ ಕೇಳಿದ್ದೇ ಕೇಳಿದ್ದು. ಯಾಕೆಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ತಪ್ಪು ನನ್ನದು. ‘ಎಲ್ಲಕ್ಕಿಂತ ವಿನಯದ ವಾಕ್ಯ ಇದು, ಯಾರಿಗೆ ಬೇಕಾದರೂ ಬರೆಯಿರಿ’ ಎಂದು ಆ ಅಚ್ಚನ್ನು ಕಲಿಸಿದವನು ನಾನು. ಜಪಾನೀಸ್‌ನಲ್ಲಿ ವಾಕ್ಯ ಉದ್ದವಾದಷ್ಟೂ ವಿನಯ ಹೆಚ್ಚು: ‘ಶಿತೆ ಕುದಾಸಾಯ್’, ಅದರ ಮೇಲೆ ‘ಶಿತೆ ಇತದಕೆಮಾಸು ಕಾ’, ಅದರ ಮೇಲೆ ‘ಶಿತೆ ಇತದಕೆರು ತೊ ಸೈವಾಯ್ ದೆಸು’. ಕನ್ನಡದ ಕಿವಿಗೂ ಇದು ಸರಿಯೆನಿಸುತ್ತದೆ: ‘ಕಳಿಸಿ’, ‘ಕಳಿಸಿಕೊಡ್ತೀರಾ’, ‘ಕಳಿಸಿಕೊಟ್ಟರೆ ಉಪಕಾರವಾಗುತ್ತೆ’. ಅದಕ್ಕೇ ನನಗೂ ಅನುಮಾನ ಬರಲಿಲ್ಲ. ಇಂಗ್ಲಿಷಿನಲ್ಲಿ ಈ ವಾಕ್ಯದ ಕೊನೆಗೆ ಪ್ರಶ್ನೆಚಿಹ್ನೆ ಇಲ್ಲ ಎನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ‘ಕುಡ್ ಯೂ’ ಎಂದು ಕೇಳಿದರೆ ಎದುರಿನವರಿಗೆ ಆಗಲ್ಲ ಎನ್ನಲು ಜಾಗ ಇರುತ್ತದೆ. ಈ ಅಚ್ಚಿನಲ್ಲಿ ಆ ಜಾಗ ಕಡಿಮೆ. ಇನ್ನೊಂದು, ಕಳಿಸುವ ಮುಂಚೆ ಡ್ರಾಯಿಂಗ್ ನೋಡುವುದು ಸಪ್ಲಯರಿನ ದಿನದ ಕರ್ತವ್ಯ. ಕರ್ತವ್ಯವನ್ನು ಉಪಕಾರದಂತೆ ಕೇಳಿದರೆ ‘ನೀವು ಅದನ್ನು ಮಾಡುತ್ತಿಲ್ಲ’ ಎಂದಂತೆ. ಮನೆಗೆ ಬಂದ ನೆಂಟರಿಗೆ ‘ಕೈ ತೊಳೆದು ಊಟಕ್ಕೆ ಕೂತರೆ ಉಪಕಾರವಾಗುತ್ತೆ’ ಎಂದು ಹೇಳಿದರೆ ಹೇಗಿರುತ್ತದೆ! ‘ಇಫ್ ಯೂ ವುಡ್’ ಎಂದದ್ದು ಇನ್ನಷ್ಟು ಕೆಡಿಸಿತು. ‘ವುಡ್’ ಮನಸ್ಸಿದೆಯೇ ಎಂದು ಕೇಳುತ್ತದೆ, ‘ಕುಡ್’ ಸಾಧ್ಯವೇ ಎಂದು ಕೇಳುತ್ತದೆ. ಎರಡನೆಯದು ಮೆದು.

ಈಗ ಕ್ಲಾಸಿನಲ್ಲಿ ಹೀಗೆ ಹೇಳುತ್ತೇನೆ. ಒಂದು ಮೇಲ್‌ಗೆ ಈ ಅಚ್ಚು ಒಂದೇ ಸಲ, ಅದೂ ನಿಜವಾಗಿ ಹೆಚ್ಚುವರಿ ಶ್ರಮ ಕೇಳುವಾಗ: ತುರ್ತಾಗಿ ಮಿತ್ಸುಮೊರಿ (ದರದ ಅಂದಾಜು) ಬೇಕು, ಸ್ಯಾಂಪಲ್ ಎರಡು ದಿನ ಮೊದಲೇ ಬೇಕು ಎನ್ನುವಂಥ ಸಂದರ್ಭದಲ್ಲಿ. ಕಾರಣವನ್ನು ಅದೇ ಸಾಲಿನ ಪಕ್ಕ ಬರೆಯಬೇಕು. ದಿನನಿತ್ಯದ ಕೋರಿಕೆಗೆ ‘ಕುಡ್ ಯೂ’ ಸಾಕು. ರಿಮೈಂಡರಿನಲ್ಲಿ ಈ ಅಚ್ಚು ಬೇಡವೇ ಬೇಡ, ಎರಡನೇ ಸಲ ಬಂದರೆ ಅದು ಗದರಿಕೆಯಾಗುತ್ತದೆ. ‘ಯುವರ್ ಪ್ರಾಂಪ್ಟ್ ರಿಪ್ಲೈ ಈಸ್ ಅಪ್ರಿಶಿಯೇಟೆಡ್’ ಕೂಡ ವಿನಯದ ಬಟ್ಟೆ ತೊಟ್ಟ ಆಜ್ಞೆಯೇ.

ರೂಪದಲ್ಲಿ ಎಡವುವುದು ಹೆಚ್ಚಾಗಿ ನಾಲ್ಕು ಕಡೆ. ‘ಇಟ್’ ಬಿಟ್ಟುಹೋಗುತ್ತದೆ, ಏಕೆಂದರೆ ‘ಸೈವಾಯ್ ದೆಸು’ ಎನ್ನುವಲ್ಲಿ ‘ಅದು’ ಎಂಬ ಪದ ಇಲ್ಲ. ‘ಉಪಕಾರವಾಗುತ್ತೆ’ ಎನ್ನುವಲ್ಲೂ ಇಲ್ಲ. ಬೆಂಗಳೂರಿನ ಆಫೀಸುಗಳ ಮೇಲ್‌ಗಳಲ್ಲೂ ‘ಅಪ್ರಿಶಿಯೇಟ್ ಇಫ್ ಯೂ’ ಓಡಾಡುವುದು ಇದೇ ಕಾರಣಕ್ಕಿರಬೇಕು. ಎರಡನೆಯದು, ‘ಕಾನ್ಶಾ ಶಿತೆ ಇಮಾಸು’ (ಕೃತಜ್ಞನಾಗಿದ್ದೇನೆ) ಎನ್ನುವುದನ್ನು ಹಾಗೇ ಎತ್ತಿಟ್ಟು ‘ಐ ಆಮ್ ಅಪ್ರಿಶಿಯೇಟ್’ ಅಥವಾ ‘ಐ ಆಮ್ ಅಪ್ರಿಶಿಯೇಟಿಂಗ್’ ಎನ್ನುವುದು. ಬರೇ ‘ಐ ಅಪ್ರಿಶಿಯೇಟ್’ ಸಾಕು. ಮೂರನೆಯದು, ‘ಕಾನ್ಶಾ’ ವ್ಯಕ್ತಿಗೂ ಸಲ್ಲುತ್ತದೆ, ಹಾಗಾಗಿ ‘ಐ ಅಪ್ರಿಶಿಯೇಟ್ ಯೂ ಫಾರ್ ಯುವರ್ ಹೆಲ್ಪ್’ ಎಂದು ಬರೆಯುತ್ತಾರೆ. ಆಫೀಸಿನ ಮೇಲ್‌ನಲ್ಲಿ ‘ಥ್ಯಾಂಕ್’ ಮನುಷ್ಯರಿಗೆ, ‘ಅಪ್ರಿಶಿಯೇಟ್’ ಅವರು ಮಾಡಿದ ಕೆಲಸಕ್ಕೆ: ‘ಐ ಅಪ್ರಿಶಿಯೇಟ್ ಯುವರ್ ಹೆಲ್ಪ್’. ನಾಲ್ಕನೆಯದು ಜೋಡಿ ಕೆಡಿಸುವುದು. ‘ವುಡ್’ ಜೊತೆ ‘ಕುಡ್’ ಬರಬೇಕು, ‘ಕ್ಯಾನ್’ ಅಲ್ಲ.

ಅರ್ಥಗಳ ವಿಷಯಕ್ಕೆ ಬಂದರೆ, ಮೂಲ ಲ್ಯಾಟಿನ್ನಿನಲ್ಲಿ ‘ಅಪ್ರಿಶಿಯೇಟ್’ ಎಂದರೆ ‘ಬೆಲೆ ಕಟ್ಟು’. ‘ಪ್ರೈಸ್’ ಕೂಡ ಇದೇ ಬೇರಿನದು. ಅಲ್ಲಿಂದ ಹಿಡಿದರೆ ಎಲ್ಲ ಅರ್ಥವೂ ಒಂದೇ ದಾರದಲ್ಲಿ ಸಿಗುತ್ತದೆ. ಉಪಕಾರದ ಬೆಲೆ ಅರಿತರೆ ‘ಕಾನ್ಶಾ’, ಚಿತ್ರದ ಬೆಲೆ ಅರಿತು ಸವಿದರೆ ‘ಕಾನ್ಶೋ’, ಯೆನ್ನಿನ ಬೆಲೆಯೇ ಏರಿದರೆ ‘ಎನ್‌ದಾಕಾ’. ಡಾಲರಿನ ಬೆಲೆ ಇಳಿಸಲು ಐದು ದೇಶಗಳು ಮಾಡಿಕೊಂಡ 1985ರ ಸೆಪ್ಟೆಂಬರಿನ ಪ್ಲಾಜಾ ಒಪ್ಪಂದಕ್ಕೆ ಮುಂಚೆ ಡಾಲರಿಗೆ ಸುಮಾರು 240 ಯೆನ್ ಇತ್ತು, 1987ರ ಆರಂಭದಲ್ಲಿ 150ರ ಆಸುಪಾಸು. ಅಂಕಿ ಇಳಿದಿದೆ, ಆದರೆ ‘ದ ಯೆನ್ ಅಪ್ರಿಶಿಯೇಟೆಡ್’. ರಫ್ತು ನೋಡುವ ಐಚಿಯವರಿಗೆ ಈ ಅರ್ಥ ಬೇಗ ತಲೆಗೆ ಹೋಗುತ್ತದೆ.

ಮೇಲ್‌ನಲ್ಲಿ ಅಪಾಯ ಇರುವುದು ಇನ್ನೊಂದು ಅರ್ಥದಲ್ಲಿ. ‘ವಿ ಅಪ್ರಿಶಿಯೇಟ್ ದಟ್ ದ ಡೆಡ್‌ಲೈನ್ ಈಸ್ ಟೈಟ್, ಬಟ್…’ ಎಂದು ಇಂಗ್ಲೆಂಡಿನವರು ಬರೆದರೆ ಅದು ಕೃತಜ್ಞತೆಯಲ್ಲ, ‘ಜೂಜೂ ಶೋಚಿ ಶಿತೆ ಒರಿಮಾಸು ಗಾ’. ನಿಮ್ಮ ಕಷ್ಟ ಗೊತ್ತು, ಆದರೂ ಆಗುವುದಿಲ್ಲ ಎಂಬ ಮಾತು. ಮೊದಲರ್ಧ ಓದಿ ‘ಥ್ಯಾಂಕ್ಸ್ ಹೇಳಿದ್ದಾರೆ’ ಎಂದು ಹೋರೆನ್ಸೋದಲ್ಲಿ (ಮೇಲಿನವರಿಗೆ ವರದಿ, ಮಾಹಿತಿ ಕೊಟ್ಟು ಸಲಹೆ ಕೇಳುವ ಪದ್ಧತಿ) ಬುಚೋಗೆ ವರದಿ ಹೋದರೆ ಆ ವಾರದ ಪ್ಲ್ಯಾನ್ ಕೆಟ್ಟಂತೆ. ‘ದಟ್’ ಕಂಡರೆ ‘ಬಟ್’ ಎಲ್ಲಿದೆ ಹುಡುಕಿ ಎನ್ನುತ್ತೇನೆ.

ಮ್ಯಾನೇಜ್‌ಮೆಂಟಿಗೆ ಇದರ ಲೆಕ್ಕ ಸಿಗುವುದಿಲ್ಲ. ಅವರು ನೋಡುವುದು ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ ಎಷ್ಟು ಬಂತು ಎಂದು. ಆ ಪತ್ರಿಕೆಯಲ್ಲಿ ಇರುವುದು ಕೇಳುವುದು, ಓದುವುದು. ಒಂದು ಸಾಲನ್ನೂ ಬರೆಯಬೇಕಿಲ್ಲ. ಶೇರ್ಡ್ ಫೋಲ್ಡರಿನ ಮಾದರಿ ಮೇಲ್‌ಗಳಲ್ಲಿ ಆ ಅಚ್ಚು ಇವತ್ತಿಗೂ ‘ಅತ್ಯಂತ ವಿನಯ’ ಎಂಬ ತಲೆಬರಹದಡಿ ಇದೆ. ತೆಗೆಯಲು ಎರಡು ಸಲ ಬರೆದು ಕೊಟ್ಟಿದ್ದೇನೆ, ಇನ್ನೂ ಅನುಮತಿ ಬಂದಿಲ್ಲ.

ಆ ತಂತೋಶಾ ಮಾತ್ರ ಮೂರನೆಯ ಸಾಲನ್ನು ತಾವೇ ಬದಲಿಸಿಕೊಂಡಿದ್ದಾರೆ: ‘ಕುಡ್ ಯೂ ಕನ್ಫರ್ಮ್ ದಟ್ ರೆವ್ ಬಿ ಈಸ್ ದ ಲೇಟೆಸ್ಟ್?’